ಹಂಗಾಮಿ ಕಂಬ



ನೀವು ಶಾಲೆಗೆ ಬರುವ ದಾರಿಯಲ್ಲಿ ಒಂದಾದರೂ ಹೊಸ ಕಟ್ಟಡ ಏಳುತ್ತಿರುವುದನ್ನು ದಿನವೂ ನೋಡುತ್ತೀರಿ. ತಗಡಿನ ಬೇಲಿ, ಅದರಾಚೆ ಮರಳಿನ ರಾಶಿ, ಕಬ್ಬಿಣದ ಸರಳುಗಳು, ಗಡಗಡನೆ ತಿರುಗುವ ಕಾಂಕ್ರೀಟ್ ಮಿಕ್ಸರು ಇವೆಲ್ಲವೂ ನಿಮ್ಮ ಕಣ್ಣಿಗೆ ಬಿದ್ದಿರುತ್ತವೆ. ಆದರೆ ಬೇಲಿಯ ಮಗ್ಗುಲಲ್ಲಿ ನಿಂತಿರುವ ಒಂದು ಕಂಬವನ್ನೂ ಅದಕ್ಕೆ ತಗುಲಿಸಿರುವ ಕಬ್ಬಿಣದ ಪೆಟ್ಟಿಗೆಯನ್ನೂ ನಿಮ್ಮಲ್ಲಿ ಎಷ್ಟು ಮಂದಿ ಗಮನಿಸಿರುವಿರಿ? ಮಿಕ್ಸರು ತಿರುಗುವುದು, ಪಾಯದ ನೀರನ್ನು ಪಂಪು ಎಳೆಯುವುದು, ಸರಳು ಕತ್ತರಿಸುವ ಯಂತ್ರ ಓಡುವುದು, ರಾತ್ರಿ ದೀಪ ಉರಿಯುವುದು ಎಲ್ಲವೂ ಆ ಕಂಬದ ವಿದ್ಯುಚ್ಛಕ್ತಿಯಿಂದಲೇ. ಕಟ್ಟಡ ಮುಗಿದ ಮೇಲೆ ಅದನ್ನು ಕಿತ್ತು ಒಯ್ಯುತ್ತಾರೆ. ಆದುದರಿಂದ ಅದು ಹಂಗಾಮಿ ಕಂಬ.

ಈ ಕಂಬದ ವಿಷಯವಾಗಿ ಪಾಠ ಬರೆಯಬೇಕೆಂದು ನನಗೆ ತೋರಿದುದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಮೊದಲ ವಾರಗಳಲ್ಲಿ, ನಮ್ಮ ಏಳನೆಯ ತರಗತಿಯ ಬಾಲಕನೊಬ್ಬ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಅವನ ತಂದೆ ಯಾದಗಿರಿ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವರು. ಮಿಕ್ಸರಿನ ಹಿಡಿಕೆ ಹಿಡಿದಾಗ ಅವರಿಗೆ ವಿದ್ಯುತ್ತಿನ ಹೊಡೆತ ಬಿದ್ದು ಆಸ್ಪತ್ರೆಗೆ ಸೇರಿಸಬೇಕಾಯಿತು. ದೈವಕೃಪೆಯಿಂದ ಪ್ರಾಣ ಉಳಿಯಿತು. ಐದನೆಯ ದಿನ ಬಾಲಕನು ನನ್ನ ಬಳಿ ಬಂದು ಕೇಳಿದ ಪ್ರಶ್ನೆ ಇದು: "ಸರ್, ನಮ್ಮಪ್ಪ ಹೊಸಾದು ಏನೂ ಮುಟ್ಟಿಲ್ರಿ. ದಿನಾ ಮುಟ್ಟೋ ಮಿಕ್ಸರ್ನೇ ಮುಟ್ಯಾನ. ನಿನ್ನಿ ಏನೂ ಮಾಡ್ಲಾರದ್ದು ಇವತ್ಯಾಕ ಹೊಡೀತರಿ?"

ಪ್ರಶ್ನೆ ಚಿಕ್ಕದು, ಆದರೆ ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಕಂಬದ ಬುಡದಿಂದ ತುದಿಯವರೆಗೆ ಎಲ್ಲವನ್ನೂ ತಿಳಿಯಬೇಕು. ಈ ಪಾಠವೇ ಆ ಬಾಲಕನಿಗೆ ನನ್ನ ಉತ್ತರ.

ಕಂಬವು ಬರುವ ಬಗೆ

ಕಟ್ಟಡ ಕಟ್ಟುವವನು ಬೀದಿಯ ತಂತಿಗೆ ತಾನೇ ಕೊಕ್ಕೆ ಹಾಕಿ ವಿದ್ಯುತ್ತನ್ನು ಎಳೆದುಕೊಳ್ಳುವಂತಿಲ್ಲ. ಅದು ಅಪರಾಧವೂ ಹೌದು, ಅಪಾಯವೂ ಹೌದು. ಮುಂಬಯಿಯ ದ್ವೀಪನಗರದಲ್ಲಾದರೆ ಬೆಸ್ಟ್ ಸಂಸ್ಥೆ, ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ, ರಾಜ್ಯದ ಇತರ ಬಹುಭಾಗದಲ್ಲಿ ಮಹಾವಿತರಣ, ಹೀಗೆ ಆಯಾ ಪ್ರದೇಶದ ಸರಬರಾಜು ಸಂಸ್ಥೆಗೆ ತಾತ್ಕಾಲಿಕ ಜೋಡಣೆಗಾಗಿ ಅರ್ಜಿ ಸಲ್ಲಿಸಬೇಕು. ಯಾವ ಯಾವ ಯಂತ್ರಗಳನ್ನು ಓಡಿಸುವುದು, ಒಟ್ಟು ಎಷ್ಟು ಕಿಲೋವಾಟ್ ಬೇಕು ಎಂಬುದನ್ನು ಅದರಲ್ಲಿ ಕಾಣಿಸಬೇಕು. ಪರವಾನಿಗೆ ಪಡೆದ ವಿದ್ಯುತ್ ಗುತ್ತಿಗೆದಾರನು ತಂತಿಗಳ ಜೋಡಣೆ ಮಾಡಿ, ಅವುಗಳ ಹೊದಿಕೆಯಿಂದ ಪ್ರವಾಹ ಸೋರುತ್ತಿಲ್ಲವೆಂದು ಮೆಗ್ಗರ್ ಎಂಬ ಉಪಕರಣದಿಂದ ಪರೀಕ್ಷಿಸಿ, ವರದಿಗೆ ಸಹಿ ಹಾಕಬೇಕು. ಆ ಬಳಿಕ ಸಂಸ್ಥೆಯವರು ಬಂದು ಮೀಟರು ಕೂಡಿಸಿ ವಿದ್ಯುತ್ತನ್ನು ಹರಿಯಬಿಡುತ್ತಾರೆ.

ಸರಬರಾಜು ಸಂಸ್ಥೆಯ ಹೊಣೆ ಸಾಮಾನ್ಯವಾಗಿ ಮೀಟರಿನವರೆಗೆ. ಅಲ್ಲಿಂದಾಚೆಗಿನ ತಂತಿ, ಸ್ವಿಚ್ಚು, ಯಂತ್ರಗಳೆಲ್ಲ ಕಟ್ಟಡ ಕಟ್ಟುವವನ ಹೊಣೆ. ಈ ಗೆರೆಯನ್ನು ನೆನಪಿನಲ್ಲಿಡಿರಿ. ಕೆಲಸಗಾರರಿಗೆ ಒದಗುವ ಅಪಾಯಗಳು ಬಹುಮಟ್ಟಿಗೆ ಈ ಗೆರೆಯ ಆಚೆಯಲ್ಲೇ ಹುಟ್ಟುತ್ತವೆ.

ಕಂಬವನ್ನು ನೆಡುವ ಕ್ರಮ

ಹಂಗಾಮಿ ಕಂಬವು ಉಕ್ಕಿನ ಕೊಳವೆಯದಾಗಿರಬಹುದು, ಕಾಂಕ್ರೀಟಿನದಾಗಿರಬಹುದು, ಮರದ್ದೂ ಆಗಿರಬಹುದು. ಯಾವುದೇ ಆಗಲಿ, ಅದರ ಉದ್ದದ ಆರನೆಯ ಒಂದು ಭಾಗ ನೆಲದೊಳಗೆ ಇರಬೇಕೆಂಬುದು ರೂಢಿಯ ಲೆಕ್ಕ. 9 ಮೀಟರ್ ಉದ್ದದ ಕಂಬವಾದರೆ 1.5 ಮೀಟರ್ ಒಳಗೆ ಹೋಗಿ, 7.5 ಮೀಟರ್ ಮೇಲೆ ನಿಲ್ಲುತ್ತದೆ. ಗುಂಡಿಗೆ ಸಡಿಲು ಮಣ್ಣು ತುಂಬಿದರೆ ಸಾಲದು. ಕಲ್ಲು ಜಲ್ಲಿ ಹಾಕಿ ದಮ್ಮಸು ಮಾಡಬೇಕು, ಇಲ್ಲವೇ ಕಾಂಕ್ರೀಟು ತುಂಬಬೇಕು.

ಸ್ಥಳದ ಆಯ್ಕೆಯೂ ಮುಖ್ಯ. ಪಾಯ ತೋಡುವ ಅಂಚಿನಲ್ಲಿ ನೆಟ್ಟ ಕಂಬವು ಮಳೆಗೆ ಮಣ್ಣು ಕುಸಿದಾಗ ತಾನೂ ವಾಲುತ್ತದೆ. ಲಾರಿಗಳು ಹಿಂದೆಗೆಯುವ ಜಾಗದಲ್ಲಿ ನೆಟ್ಟರೆ ಒಂದಲ್ಲ ಒಂದು ದಿನ ಪೆಟ್ಟು ತಿನ್ನುತ್ತದೆ. ನೀರು ನಿಲ್ಲುವ ತಗ್ಗು ಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಅವಘಡ ಸಂಭವಿಸಿದಾಗ ಯಾರಾದರೂ ಓಡಿ ಹೋಗಿ ಮುಖ್ಯ ಸ್ವಿಚ್ಚನ್ನು ಆರಿಸಲು ದಾರಿ ತೆರವಾಗಿರಬೇಕು. ಪೆಟ್ಟಿಗೆಯ ಮುಂದೆ ಸಿಮೆಂಟಿನ ಚೀಲಗಳನ್ನು ಒಟ್ಟಿದ ಕಡೆ ಆ ಓಟಕ್ಕೆ ಎಷ್ಟು ಕ್ಷಣ ಹೆಚ್ಚು ಹಿಡಿಯುವುದೆಂದು ನೀವೇ ಊಹಿಸಿರಿ.

ತಂತಿಯ ಎತ್ತರಕ್ಕೂ ನಿಯಮವಿದೆ. ನಾವು ಮನೆಗಳಲ್ಲಿ ಬಳಸುವಂತಹ ಕಡಿಮೆ ವೋಲ್ಟೇಜಿನ ತಂತಿಯಾದರೂ ರಸ್ತೆಯನ್ನು ಅಡ್ಡ ದಾಟುವಲ್ಲಿ ನೆಲದಿಂದ ಕನಿಷ್ಠ 5.8 ಮೀಟರ್ ಮೇಲಿರಬೇಕು. ತಂತಿ ತನ್ನ ಭಾರಕ್ಕೆ ನಡುವೆ ಜೋಲುವುದರಿಂದ ಈ ಅಳತೆಯನ್ನು ಅತ್ಯಂತ ಕೆಳಗಿನ ಬಿಂದುವಿನಿಂದ ತೆಗೆದುಕೊಳ್ಳಬೇಕು, ಕಂಬದ ತುದಿಯಿಂದಲ್ಲ. ಕೇಬಲನ್ನು ನೆಲದಲ್ಲಿ ಹೂಳುವುದಾದರೆ ಸುಮಾರು 75 ಸೆಂಟಿಮೀಟರ್ ಆಳದಲ್ಲಿಟ್ಟು, ಮರಳು ಹರಡಿ, ಮೇಲೆ ಇಟ್ಟಿಗೆ ಸಾಲು ಜೋಡಿಸಿ, ಗುರುತಿನ ಕಲ್ಲು ನೆಡಬೇಕು. ಅಗೆಯುವವನ ಗುದ್ದಲಿಗೆ ಮೊದಲು ಇಟ್ಟಿಗೆ ಸಿಕ್ಕಿ ಎಚ್ಚರಿಕೆಯಾಗಲೆಂಬುದು ಇದರ ಉದ್ದೇಶ.

ತಂತಿಯ ಎಳೆತಕ್ಕೆ ಕಂಬ ವಾಲದಂತೆ ಹಿಂಬದಿಗೆ ಓರೆಯಾಗಿ ಬಿಗಿದ ಉಕ್ಕಿನ ತಂತಿಯನ್ನು ನೀವು ಬೀದಿಯ ಕಂಬಗಳಲ್ಲೂ ಕಂಡಿದ್ದೀರಿ. ಅದರ ನಡುವೆ ತಲೆಗಿಂತ ಎತ್ತರದಲ್ಲಿ ಮೊಟ್ಟೆಯ ಆಕಾರದ ಪಿಂಗಾಣಿ ತುಂಡೊಂದು ಇರುತ್ತದೆ. ಅದು ಅಲಂಕಾರಕ್ಕಲ್ಲ. ಮೇಲಿನ ತಂತಿ ಹರಿದು ಇದರ ಮೇಲೆ ಬಿದ್ದರೂ, ಕೈಗೆ ಎಟುಕುವ ಕೆಳಭಾಗಕ್ಕೆ ವಿದ್ಯುತ್ತು ಇಳಿಯದಂತೆ ಆ ಪಿಂಗಾಣಿ ತಡೆಯುತ್ತದೆ.

ಪೆಟ್ಟಿಗೆಯ ಒಳಗೆ

ಈಗ ಪೆಟ್ಟಿಗೆಯನ್ನು ನೋಡೋಣ. ಕಣ್ಣಿನಿಂದ ಮಾತ್ರ, ಕೈಯಿಂದಲ್ಲ. ಅದು ಮಳೆಯ ನೀರು ಒಳಸೇರದಂತಹ ಮುಚ್ಚಳವುಳ್ಳದ್ದಾಗಿ, ನೆಲದಿಂದ ಎತ್ತರದಲ್ಲಿ, ಬೀಗ ಹಾಕುವಂತೆ ಇರಬೇಕು. ತಂತಿಗಳು ಕೆಳಗಿನಿಂದಲೇ ಒಳಹೋಗಬೇಕು. ಮೇಲಿನಿಂದ ಹೋದರೆ ಮಳೆಯ ನೀರು ತಂತಿಯ ಗುಂಟ ಜಾರಿ ಒಳಗೆ ಇಳಿಯುತ್ತದೆ.

ಒಳಗೆ ಕ್ರಮವಾಗಿ ಮೀಟರು, ಮುಖ್ಯ ಸ್ವಿಚ್ಚು, ಸೋರಿಕೆಯನ್ನು ಹಿಡಿಯುವ ಸ್ವಿಚ್ಚು, ಆಮೇಲೆ ಒಂದೊಂದು ಕವಲಿಗೆ ಒಂದೊಂದು ಫ್ಯೂಸು ಅಥವಾ ಎಂ.ಸಿ.ಬಿ. ಇರುತ್ತವೆ. ನಮ್ಮ ದೇಶದ ರೂಢಿಯಂತೆ ಮೂರು ಫೇಸುಗಳ ತಂತಿಗಳು ಕೆಂಪು, ಹಳದಿ, ನೀಲಿ, ನ್ಯೂಟ್ರಲ್ ಕಪ್ಪು, ಭೂಸಂಪರ್ಕದ ತಂತಿ ಹಸಿರು. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್ ಇರುತ್ತದೆ. ಕೆಂಪು, ಹಳದಿ, ನೀಲಿ ಇಲ್ಲದಿದ್ದರೆ ಯಂತ್ರ ಓಡುವುದಿಲ್ಲ, ಕೂಡಲೆ ಗೊತ್ತಾಗುತ್ತದೆ. ಹಸಿರು ಇಲ್ಲದಿದ್ದರೂ ಯಂತ್ರ ಮೊದಲಿನಂತೆಯೇ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಸಿರು ತಂತಿಯ ಅನಾದರಕ್ಕೆ ಇದೇ ಮೂಲ ಕಾರಣ.

ಫ್ಯೂಸು ಯಾರನ್ನು ಕಾಪಾಡುತ್ತದೆ?

"ಫ್ಯೂಸು ಇದೆಯಲ್ಲ, ಭಯವೇಕೆ?" ಎಂದು ಅನೇಕರು ಹೇಳುತ್ತಾರೆ. ಈ ಮಾತನ್ನು ಓಮನ ನಿಯಮದಿಂದ ಪರೀಕ್ಷಿಸೋಣ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುವುದೆಂದು ನೀವು ಕಲಿತಿರುವಿರಿ.

ಒಣಗಿದ ಕೈ, ಕಾಲಲ್ಲಿ ರಬ್ಬರಿನ ಚಪ್ಪಲಿ, ಒಣ ನೆಲ. ಆಗ ಕೈಯಿಂದ ನೆಲದವರೆಗಿನ ಒಟ್ಟು ರೋಧ 50,000 ಓಮ್ ಎಂದು ಇಟ್ಟುಕೊಳ್ಳಿರಿ. ಹರಿಯುವ ಪ್ರವಾಹ 230 ÷ 50,000, ಅಂದರೆ 0.0046 ಆಂಪಿಯರ್, ಸುಮಾರು 4.6 ಮಿಲಿಆಂಪಿಯರ್. ಕೈ ಜುಮ್ಮೆನ್ನುತ್ತದೆ, ಅಷ್ಟೆ. ಈಗ ಮಳೆ ಬಂದಿದೆ. ಕೈ ಒದ್ದೆ, ಬರಿಗಾಲು, ಕೆಸರು. ರೋಧವು 1,000 ಓಮಿಗೆ ಇಳಿಯಿತೆನ್ನಿರಿ. ಪ್ರವಾಹ 230 ÷ 1,000, ಅಂದರೆ 230 ಮಿಲಿಆಂಪಿಯರ್. ಯಂತ್ರ ಅದೇ, ತಂತಿ ಅದೇ, ಮನುಷ್ಯನೂ ಅವನೇ. ಪ್ರವಾಹ ಮಾತ್ರ 50 ಪಟ್ಟು.

ಮನುಷ್ಯನ ದೇಹವು ಎಷ್ಟು ತಾಳೀತು? ಸುಮಾರು 1 ಮಿಲಿಆಂಪಿಯರಿಗೆ ಸ್ಪರ್ಶದ ಅರಿವಾಗುತ್ತದೆ. 10 ಮಿಲಿಆಂಪಿಯರಿನ ಆಸುಪಾಸಿನಲ್ಲಿ ಸ್ನಾಯುಗಳು ಸೆಟೆದುಕೊಂಡು, ಹಿಡಿದುದನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. 30 ದಾಟಿದರೆ ಉಸಿರಾಟಕ್ಕೆ ತೊಡಕು. 50ರಿಂದ 100ರ ಸುಮಾರಿಗೆ ಹೃದಯದ ಬಡಿತ ಲಯ ತಪ್ಪಿ ಸಾವು ಸಂಭವಿಸಬಹುದು. ನಮ್ಮ ಲೆಕ್ಕದಲ್ಲಿ ಬಂದುದು 230.

ಇನ್ನು ಫ್ಯೂಸಿನತ್ತ ತಿರುಗಿರಿ. 15 ಆಂಪಿಯರಿನ ಫ್ಯೂಸು ಕರಗಬೇಕಾದರೆ 15 ಆಂಪಿಯರಿಗಿಂತ ಮಿಗಿಲಾದ ಪ್ರವಾಹ ಹರಿಯಬೇಕು. ಮನುಷ್ಯನನ್ನು ಕೊಲ್ಲಬಲ್ಲ ಪ್ರವಾಹವು ಅದರ ಅರವತ್ತನೆಯ ಒಂದು ಪಾಲು ಕೂಡ ಅಲ್ಲ. ಆತನು ಒದ್ದಾಡುತ್ತಿರುವಾಗ ಫ್ಯೂಸಿಗೆ ಬಿಸಿಯೂ ತಾಗುವುದಿಲ್ಲ. ಫ್ಯೂಸು ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. ಈ ಒಂದು ವಾಕ್ಯವನ್ನು ನೀವು ಮನೆಗೆ ಹೋಗಿ ಹಿರಿಯರಿಗೆ ಹೇಳಿದರೆ ಈ ಪಾಠ ಅರ್ಧ ಸಾರ್ಥಕ.

ಹಸಿರು ತಂತಿಯ ಕೆಲಸ

ಹಾಗಾದರೆ ಮನುಷ್ಯನನ್ನು ಕಾಪಾಡುವುದು ಯಾವುದು? ಮೊದಲನೆಯದು ಭೂಸಂಪರ್ಕ. ಕಂಬದ ಬಳಿ ಗುಂಡಿ ತೋಡಿ, ಸುಮಾರು 40 ಮಿಲಿಮೀಟರ್ ವ್ಯಾಸದ, 2.5 ಮೀಟರ್ ಉದ್ದದ, ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಯನ್ನು ನಿಲ್ಲಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ತುಂಬುವುದು ಹಳೆಯ ವಿಧಾನ. ಒಣ ಮಣ್ಣಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು; ಆದುದರಿಂದ ಬೇಸಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಬೇಕು. ಈ ಕೊಳವೆಯಿಂದ ಹೊರಟ ತಂತಿಯು ಪೆಟ್ಟಿಗೆಗೆ ಬಂದು, ಅಲ್ಲಿಂದ ಹಸಿರು ತಂತಿಯಾಗಿ ಪ್ರತಿಯೊಂದು ಯಂತ್ರದ ಲೋಹದ ಮೈಗೂ ತಲುಪಬೇಕು.

ಮಿಕ್ಸರಿನ ಒಳಗಿನ ತಂತಿಯ ಹೊದಿಕೆ ಸವೆದು, ಫೇಸು ಅದರ ಲೋಹದ ಮೈಗೆ ತಾಗಿತೆನ್ನಿರಿ. ಭೂಸಂಪರ್ಕದ ರೋಧ 5 ಓಮ್ ಇದ್ದರೆ, ಉಳಿದ ದಾರಿಯ ರೋಧವನ್ನು ಬಿಟ್ಟು ಲೆಕ್ಕ ಮಾಡಿದಾಗ, 230 ÷ 5 ಅಂದರೆ 46 ಆಂಪಿಯರ್ ಹರಿಯುತ್ತದೆ. 15 ಆಂಪಿಯರಿನ ಫ್ಯೂಸು ಕರಗಿ ಹೋಗುತ್ತದೆ. ಯಾರೂ ಮುಟ್ಟುವ ಮೊದಲೇ ಯಂತ್ರ ನಿಲ್ಲುತ್ತದೆ. ಆದರೆ ಗುಂಡಿ ಒಣಗಿ ರೋಧ 50 ಓಮಿಗೆ ಏರಿದ್ದರೆ ಹರಿಯುವುದು 4.6 ಆಂಪಿಯರ್ ಮಾತ್ರ. ಫ್ಯೂಸು ಕರಗದು, ಮಿಕ್ಸರಿನ ಮೈ ವಿದ್ಯುತ್ತಿನಿಂದ ತುಂಬಿದ್ದು, ಮೊದಲು ಮುಟ್ಟುವವನಿಗಾಗಿ ಕಾದಿರುತ್ತದೆ. ಆದುದರಿಂದಲೇ ಎರಡನೆಯ ಕಾವಲುಗಾರನು ಬೇಕು.

ಎಣಿಸುವ ಸ್ವಿಚ್ಚು

ಆ ಕಾವಲುಗಾರನ ಹೆಸರು ಆರ್.ಸಿ.ಸಿ.ಬಿ. ಕೆಲಸದ ಸ್ಥಳಗಳಲ್ಲಿ ಹಳೆಯ ರೂಢಿಯಂತೆ ಇ.ಎಲ್.ಸಿ.ಬಿ. ಎಂದೂ ಕರೆಯುತ್ತಾರೆ. ಇದು ಮಾಡುವ ಕೆಲಸ ಎಣಿಕೆ. ನಾವು ಪ್ರವಾಸಕ್ಕೆ ಹೊರಡುವಾಗ ನಲವತ್ತು ಮಂದಿ ಬಸ್ಸು ಹತ್ತಿದರೆಂದು ಎಣಿಸುತ್ತೇವೆ, ಹಿಂದಿರುಗುವಾಗಲೂ ಎಣಿಸುತ್ತೇವೆ. ಮೂವತ್ತೊಂಬತ್ತು ಬಂದರೆ ಬಸ್ಸನ್ನು ಬಿಡುವುದಿಲ್ಲ. ಹಾಗೆಯೇ ಈ ಸ್ವಿಚ್ಚು ಫೇಸಿನಲ್ಲಿ ಹೊರಟ ಪ್ರವಾಹವೆಲ್ಲ ನ್ಯೂಟ್ರಲಿನಲ್ಲಿ ಹಿಂದಿರುಗಿತೇ ಎಂದು ಎಡೆಬಿಡದೆ ನೋಡುತ್ತದೆ. ಪ್ರಾಣರಕ್ಷಣೆಗಾಗಿ ಹಾಕುವ ಸ್ವಿಚ್ಚಿನಲ್ಲಿ 30 ಮಿಲಿಆಂಪಿಯರಿನಷ್ಟು ಲೆಕ್ಕ ತಪ್ಪಿದರೂ, ಅಂದರೆ ಅಷ್ಟು ಪ್ರವಾಹ ಬೇರೆ ದಾರಿಯಿಂದ ನೆಲಕ್ಕೆ ಸೋರಿದರೂ, ಒಂದು ಸೆಕೆಂಡಿನ ಅಲ್ಪಾಂಶದಲ್ಲಿ ಅದು ಬಿದ್ದು ವಿದ್ಯುತ್ತನ್ನು ಕಡಿಯುತ್ತದೆ. ಮೇಲೆ ಹೇಳಿದ ಒಣ ಗುಂಡಿಯ 4.6 ಆಂಪಿಯರ್ ಫ್ಯೂಸಿಗೆ ಕಾಣದಿದ್ದರೂ ಇದಕ್ಕೆ ಬಹು ದೊಡ್ಡದಾಗಿ ಕಾಣುತ್ತದೆ.

ಇದರ ಮೇಲೆ ಪರೀಕ್ಷೆಯ ಒಂದು ಗುಂಡಿ ಇರುತ್ತದೆ. ಅದನ್ನು ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಸ್ವಿಚ್ಚು ಬೀಳದಿದ್ದರೆ ಅದು ಕಾವಲುಗಾರನಲ್ಲ, ಕಾವಲುಗಾರನ ಚಿತ್ರ.

ಇಂಗ್ಲೆಂಡಿನ ಕಟ್ಟಡಗಳ ಕೆಲಸದಲ್ಲಿ ಇನ್ನೊಂದು ಉಪಾಯವಿದೆ. ಕೈಯಲ್ಲಿ ಹಿಡಿಯುವ ಯಂತ್ರಗಳಿಗೆ ಟ್ರಾನ್ಸ್‌ಫಾರ್ಮರಿನ ಮೂಲಕ 110 ವೋಲ್ಟ್ ಮಾತ್ರ ಕೊಡುತ್ತಾರೆ. ಅದರ ಸುರುಳಿಯ ನಡುಬಿಂದುವನ್ನು ನೆಲಕ್ಕೆ ಜೋಡಿಸಿರುವುದರಿಂದ ಯಾವ ತಂತಿಯನ್ನು ಮುಟ್ಟಿದರೂ ನೆಲಕ್ಕೆ ಹೋಲಿಸಿದಾಗ ಇರುವುದು 55 ವೋಲ್ಟ್. ಹೊಡೆತ ಬೀಳುವುದೇ ಇಲ್ಲವೆಂದಲ್ಲ. ಬಿದ್ದರೂ ಅದರ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಬಾಲಕನ ಪ್ರಶ್ನೆಗೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಆ ಭಾನುವಾರ ನಾನು ಬಾಲಕನೊಡನೆ ಆ ಕೆಲಸದ ಸ್ಥಳಕ್ಕೆ ಹೋದೆನು. ಅಷ್ಟರಲ್ಲಿ ದುರಸ್ತಿಗೆಂದು ಬಂದಿದ್ದ ವಾಯರ್‌ಮನ್ ಒಬ್ಬರು ನಮಗೆ ಎಲ್ಲವನ್ನೂ ತೋರಿಸಿದರು. ಕಂಬ ಗಟ್ಟಿಯಾಗಿತ್ತು, ಮೀಟರು ಸರಿಯಾಗಿತ್ತು, ಭೂಸಂಪರ್ಕದ ಗುಂಡಿಯೂ ಇತ್ತು. ಮಳೆ ಆರಂಭವಾದಂದಿನಿಂದ ಸೋರಿಕೆಯ ಸ್ವಿಚ್ಚು ಮೇಲಿಂದ ಮೇಲೆ ಬೀಳುತ್ತಿತ್ತಂತೆ. ಕೆಲಸ ನಿಲ್ಲುತ್ತದೆಂದು ಯಾರೋ ಅದನ್ನು ಬದಿಗಿಟ್ಟು ನೇರವಾಗಿ ತಂತಿ ಜೋಡಿಸಿದರು. ಆಮೇಲೆ ಮಿಕ್ಸರನ್ನು ಇನ್ನೊಂದು ಮೂಲೆಗೆ ಸರಿಸಿದಾಗ ತಂತಿ ಸಾಲದೆ, ಎರಡೇ ಎಳೆಗಳ ಬೇರೊಂದು ತಂತಿಯನ್ನು ಸೇರಿಸಿ, ಅದರ ತುದಿಗಳನ್ನು ಸಾಕೆಟ್ಟಿನ ತೂತುಗಳಲ್ಲಿಟ್ಟು ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡಿದರು. ಹಸಿರು ತಂತಿಗೆ ಅಲ್ಲಿ ಜಾಗವೇ ಇರಲಿಲ್ಲ. ಮಿಕ್ಸರು ಎಂದಿನಂತೆ ತಿರುಗಿತು.

ಬಾಲಕನ ತಂದೆಗೆ ಎರಡು ದಿನಗಳಿಂದ ಕೈ ಜುಮ್ಮೆನ್ನುತ್ತಿತ್ತು. ಯಾರಿಗೆ ಹೇಳುವುದು, ಹೇಳಿದರೆ ಕೂಲಿ ತಪ್ಪೀತೆಂದು ಸುಮ್ಮನಿದ್ದರು. ಮೂರನೆಯ ದಿನ ಜೋರಾಗಿ ಮಳೆ ಬಂದಿತು.

ವಾಯರ್‌ಮನ್ ಮರಾಠಿಯಲ್ಲಿ ಹೇಳಿದ ಮಾತಿನ ತಾತ್ಪರ್ಯ ಇದು: "ಮಾಸ್ತರರೇ, ಈ ಸ್ವಿಚ್ಚು ಎಂಟು ದಿನದಿಂದ ಕೂಗಿ ಹೇಳುತ್ತಿತ್ತು. ಕೇಳುವವರಿಲ್ಲದೆ ಅದರ ಬಾಯಿ ಕಟ್ಟಿದರು."

ಮಗೂ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೆ. ನಿನ್ನೆಯೂ ಆ ಯಂತ್ರ ನಿರಪಾಯವಾಗಿರಲಿಲ್ಲ. ನಿನ್ನ ತಂದೆಗೂ ಅಪಾಯಕ್ಕೂ ನಡುವೆ ನಿಂತಿದ್ದುದು ಒಂದು ಜೊತೆ ಚಪ್ಪಲಿ ಮತ್ತು ಒಣ ನೆಲ ಮಾತ್ರ. ಮಳೆ ಅದನ್ನೂ ತೆಗೆದುಕೊಂಡಿತು.

ನಾವು ಮಾಡಬೇಕಾದುದು

ನಿಮ್ಮಲ್ಲಿ ಹಲವರ ಹಿರಿಯರು ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದು ಇಂತಹ ಸ್ಥಳಗಳಲ್ಲಿ ದುಡಿಯುವವರು. ಕೆಲವರ ಮನೆಯೇ ಕಟ್ಟಡದ ಅಂಗಳದ ತಗಡಿನ ಖೋಲಿ. ಆದುದರಿಂದ ಈ ಕೆಳಗಿನ ಮಾತುಗಳನ್ನು ಕಂಠಪಾಠ ಮಾಡಿಕೊಳ್ಳಿರಿ.

1. ಹಂಗಾಮಿ ಕಂಬವನ್ನಾಗಲಿ, ಅದರ ಪೆಟ್ಟಿಗೆಯನ್ನಾಗಲಿ, ಬಿಗಿತದ ತಂತಿಯನ್ನಾಗಲಿ ಆಟಕ್ಕೂ ಮುಟ್ಟಬಾರದು. ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಬಾರದು.

2. ಕೈ ಜುಮ್ಮೆನಿಸುವ ಯಂತ್ರ ಚಿಕ್ಕ ದೋಷದ್ದಲ್ಲ. ಮುಂದೆ ಬರುವ ದೊಡ್ಡ ಹೊಡೆತದ ಮುನ್ಸೂಚನೆ. ಅಂದೇ ಅದನ್ನು ನಿಲ್ಲಿಸಿ ಮೇಲ್ವಿಚಾರಕನಿಗೆ ತಿಳಿಸುವಂತೆ ಹಿರಿಯರಿಗೆ ಹೇಳಿರಿ.

3. ಸ್ವಿಚ್ಚು ಮೇಲಿಂದ ಮೇಲೆ ಬೀಳುವುದಾದರೆ ದೋಷ ಇರುವುದು ಬಹುಮಟ್ಟಿಗೆ ತಂತಿಯಲ್ಲೋ ಯಂತ್ರದಲ್ಲೋ. ಸ್ವಿಚ್ಚನ್ನು ತಪ್ಪಿಸಿ ತಂತಿ ಜೋಡಿಸುವುದು ಸರಿಯಾದ ಉಪಾಯವಲ್ಲ.

4. ಯಾರಿಗಾದರೂ ಹೊಡೆತ ಬಿದ್ದು ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿರಿ. ಕೂಗಿ ಹಿರಿಯರನ್ನು ಕರೆಯಿರಿ. ಮುಖ್ಯ ಸ್ವಿಚ್ಚನ್ನು ಆರಿಸಲು ಹೇಳಿರಿ. ಅದು ಸಾಧ್ಯವಾಗದಿದ್ದರೆ ಹಿರಿಯರು ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ಬಿಡಿಸಬೇಕು. ಕೂಡಲೆ 108ಕ್ಕೆ ಫೋನು ಮಾಡಬೇಕು. ಉಸಿರು ನಿಂತಿದ್ದರೆ, ತಿಳಿದವರು ಎದೆ ಒತ್ತುವ ಉಪಚಾರವನ್ನು ತಡಮಾಡದೆ ಆರಂಭಿಸಬೇಕು.

ಕಂಬ ಹಂಗಾಮಿಯದು, ಆರು ತಿಂಗಳೋ ಎರಡು ವರ್ಷವೋ ನಿಂತು ಹೋಗುತ್ತದೆ. "ಹೇಗೂ ಕಿತ್ತುಹಾಕುವುದು ತಾನೆ" ಎಂಬ ಮಾತಿನಿಂದಲೇ ಅದರ ಬಗ್ಗೆ ಉದಾಸೀನ ಬೆಳೆಯುತ್ತದೆ. ಆದರೆ ಅದರಲ್ಲಿ ಹರಿಯುವ 230 ವೋಲ್ಟ್ ಹಂಗಾಮಿಯದಲ್ಲ. ಅದನ್ನು ಮುಟ್ಟುವವರ ಪ್ರಾಣವೂ ಹಂಗಾಮಿಯದಲ್ಲ. ಆ ಬಾಲಕನ ತಂದೆ ಎರಡು ತಿಂಗಳ ಬಳಿಕ ಕೆಲಸಕ್ಕೆ ಮರಳಿದರು. ಈಗ ಯಾವ ಹೊಸ ಸ್ಥಳಕ್ಕೆ ಹೋದರೂ ಮೊದಲು ಯಂತ್ರದ ಬಳಿ ಹಸಿರು ತಂತಿಯನ್ನು ಹುಡುಕುತ್ತಾರೆಂದು ಬಾಲಕನು ಹೇಳಿದನು. ಅದನ್ನು ಅವರಿಗೆ ಕಲಿಸಿದವನು ಅವನೇ.

ಯೋಚಿಸಿ ಉತ್ತರಿಸಿರಿ

1. 12 ಮೀಟರ್ ಉದ್ದದ ಕಂಬವನ್ನು ಎಷ್ಟು ಆಳಕ್ಕೆ ನೆಡಬೇಕು?

2. ಭೂಸಂಪರ್ಕದ ರೋಧ 10 ಓಮ್ ಇದ್ದರೆ 230 ವೋಲ್ಟಿಗೆ ಎಷ್ಟು ಪ್ರವಾಹ ಹರಿಯುತ್ತದೆ? 20 ಓಮ್ ಇದ್ದರೆ? ಇವುಗಳಲ್ಲಿ ಯಾವುದು 15 ಆಂಪಿಯರಿನ ಫ್ಯೂಸನ್ನು ಖಂಡಿತವಾಗಿ ಕರಗಿಸಲಾರದು?

3. ಹಸಿರು ತಂತಿ ತಪ್ಪಿಹೋದುದು ಕೆಲಸಗಾರರಿಗೆ ಏಕೆ ಗೊತ್ತಾಗಲಿಲ್ಲ?

4. ಹಸಿರು ತಂತಿ ಇದ್ದರೆ ಆರ್.ಸಿ.ಸಿ.ಬಿ. ಯಾವಾಗ ಬೀಳುತ್ತದೆ? ಹಸಿರು ತಂತಿ ಇಲ್ಲದಿದ್ದರೆ ಯಾವಾಗ ಬೀಳುತ್ತದೆ? ಇವೆರಡರಲ್ಲಿ ಯಾವುದು ಲೇಸು?

5. ನಿಮ್ಮ ದಾರಿಯಲ್ಲಿರುವ ಒಂದು ಹಂಗಾಮಿ ಕಂಬವನ್ನು ಬೇಲಿಯ ಹೊರಗಿನಿಂದಲೇ ನೋಡಿ, ಅದರಲ್ಲಿ ಸರಿಯಾಗಿರುವುದು ಯಾವುದು, ಸರಿಯಿಲ್ಲದಿರುವುದು ಯಾವುದು ಎಂದು ಹತ್ತು ವಾಕ್ಯಗಳಲ್ಲಿ ಬರೆಯಿರಿ.